ಚಿತ್ರದಲ್ಲಿದ್ದವಳ ಬಗ್ಗೆ ಯಾರೂ ಕೇಳಲಿಲ್ಲ

ಕೆಲವು ವರ್ಷಗಳ ಹಿಂದಿನ ಮಾತು. ಇಶಾ ನಮಾಜಿನ ನಂತರ ನಮ್ಮ ಮೊಹಲ್ಲಾದ ಜಮಾಅತ್ ಕಚೇರಿಯಲ್ಲಿ ಐದಾರು ಮಂದಿ ಸೇರಿದ್ದೆವು. ಡಿಗ್ರಿ ಓದುತ್ತಿದ್ದ ಹೆಣ್ಣುಮಗಳೊಬ್ಬಳ ಫೋಟೊ ಊರ ಹುಡುಗರ ಮೊಬೈಲುಗಳಲ್ಲಿ ಓಡಾಡುತ್ತಿತ್ತು. ಆಕೆ ನಂಬಿದ್ದ ಹುಡುಗನೇ ಅದನ್ನು ಹಂಚಿದ್ದ. ಆಕೆಯ ತಂದೆ ತಲೆ ತಗ್ಗಿಸಿ ಗೋಡೆಗೊರಗಿ ಕುಳಿತಿದ್ದರು. ಹುಡುಗನ ತಂದೆ ಬಂದಿರಲಿಲ್ಲ. ಪರವೂರಿಗೆ ಹೋಗಿದ್ದಾರೆ ಎಂದು ಮನೆಯವರು ಹೇಳಿ ಕಳಿಸಿದ್ದರು. ನಮ್ಮಲ್ಲಿ ಹಿರಿಯರಾದವರು ಕೇಳಿದ ಮೊದಲ ಪ್ರಶ್ನೆ, "ಮಗಳ ಕೈಗೆ ಮೊಬೈಲ್ ಯಾಕೆ ಕೊಟ್ಟಿರಿ ಭಾಯಿಸಾಬ್?" ಎಂಬುದು. ಎರಡನೆಯ ಪ್ರಶ್ನೆ, "ಅವಳಾದರೂ ಅಂಥ ಫೋಟೊ ಯಾಕೆ ತೆಗೆಸಿಕೊಂಡಳು?" ಎಂಬುದು. ಈ ಎರಡನೆಯದನ್ನು ಕೇಳಿದವರು ನಾವೇ.

ಹುಡುಗಿಯ ಓದು ಅಲ್ಲಿಗೇ ನಿಂತಿತು. ಮೂರು ತಿಂಗಳಲ್ಲಿ ದೂರದ ಜಿಲ್ಲೆಯೊಂದಕ್ಕೆ ಮದುವೆ ಮಾಡಿ ಕಳಿಸಿದರು. ಹುಡುಗ ಡಿಗ್ರಿ ಮುಗಿಸಿದ, ಕೆಲಸಕ್ಕೂ ಸೇರಿದ. ಆ ಫೋಟೊವನ್ನು ಯಾರು ಯಾರಿಗೆ ಕಳಿಸಿದರು, ಎಷ್ಟು ಜನ ನೋಡಿದರು, ನೋಡಿದವರಲ್ಲಿ ಅಂದು ನಮ್ಮ ಜೊತೆ ಕುಳಿತವರ ಮಕ್ಕಳೂ ಇದ್ದರೇ, ಇವನ್ನೆಲ್ಲ ನಾವು ಕೇಳಲಿಲ್ಲ. ಕೇಳಬೇಕೆಂದು ಹೊಳೆಯಲೂ ಇಲ್ಲ.

ಕಥೆ ಬರೆಯುವವರಿಗೆ ತಾವು ಆಡಿದ ಮಾತು ಬಹಳ ಕಾಲ ಕಾಡುತ್ತದೆ. ಆ ಪ್ರಶ್ನೆ ನಮ್ಮ ಬಾಯಿಗೆ ಎಲ್ಲಿಂದ ಬಂತು ಎಂದು ಯೋಚಿಸುತ್ತಾ ಹೋದಾಗ ಅದು ನಮ್ಮ ಮೊಹಲ್ಲಾದ್ದಷ್ಟೇ ಪ್ರಶ್ನೆಯಲ್ಲ ಎಂಬುದು ತಿಳಿಯಿತು. ಅದರ ಹಿಂದೆ ನೂರೈವತ್ತು ವರ್ಷಗಳ ಕಾನೂನು, ನ್ಯಾಯಾಲಯ, ಸಾಹಿತ್ಯ ಮತ್ತು ವ್ಯಾಪಾರದ ಚರಿತ್ರೆಯೇ ಇದೆ. ಅಶ್ಲೀಲ ಚಿತ್ರಗಳಿಂದ ವ್ಯಕ್ತಿಗೂ ಸಮಾಜಕ್ಕೂ ಆಗುವ ಹಾನಿಯನ್ನು ಅರಿಯಬೇಕಾದರೆ ಆ ಚರಿತ್ರೆಯನ್ನು ಒಮ್ಮೆ ತಿರುವಿ ನೋಡುವುದು ಒಳ್ಳೆಯದು.

ಬೀಗದ ಕೋಣೆ

ಮೊದಲು ಪದಗಳನ್ನೇ ನೋಡೋಣ. 'ಅಶ್ಲೀಲ' ಎಂಬುದು ನಮ್ಮ ಕಾವ್ಯಮೀಮಾಂಸೆಯಲ್ಲಿ ಮಾತಿನ ದೋಷದ ಹೆಸರು. ಕೇಳಿದವರಲ್ಲಿ ನಾಚಿಕೆ, ಜುಗುಪ್ಸೆ ಅಥವಾ ಅಮಂಗಳದ ಭಾವ ಹುಟ್ಟಿಸುವ ಮಾತನ್ನು ಆಲಂಕಾರಿಕರು ಹಾಗೆ ಕರೆದರು. ಉರ್ದುವಿನಲ್ಲಿ ಈ ಆರೋಪಕ್ಕಿರುವ ಹೆಸರು 'ಫಹಶ್ ನಿಗಾರಿ', ಅಂದರೆ ಕೆಟ್ಟದ್ದನ್ನು ಬರೆಯುವುದು. 'ಪೋರ್ನೋಗ್ರಫಿ' ಎಂಬ ಪದವನ್ನು ಯುರೋಪಿನವರು ಗ್ರೀಕ್ ಮೂಲದಿಂದ ಕಟ್ಟಿಕೊಂಡರು. ವೇಶ್ಯೆಯರ ಕುರಿತ ಬರಹ ಎಂಬುದು ಅದರ ಮೂಲಾರ್ಥ. ಮೂರು ಕಡೆಯೂ ಗಮನವಿರುವುದು ಬರೆದ ಅಥವಾ ಆಡಿದ ಮಾತಿನ ಮೇಲೆ.

ಕ್ರಿ.ಶ. 79ರಲ್ಲಿ ಜ್ವಾಲಾಮುಖಿಯ ಬೂದಿಯಡಿ ಹೂತುಹೋದ ಪಾಂಪೇ ನಗರವನ್ನು 18ನೇ ಶತಮಾನದಲ್ಲಿ ಅಗೆಯತೊಡಗಿದಾಗ ಕಾಮದ ದೃಶ್ಯಗಳಿರುವ ಚಿತ್ರಗಳೂ ವಿಗ್ರಹಗಳೂ ಸಿಕ್ಕವು. ಅವನ್ನೆಲ್ಲ ನೇಪಲ್ಸ್ ನಗರದ ವಸ್ತುಸಂಗ್ರಹಾಲಯದ ಒಂದು ಕೋಣೆಯಲ್ಲಿಟ್ಟು 19ನೇ ಶತಮಾನದಲ್ಲಿ ಬೀಗ ಹಾಕಿದರು. ವಯಸ್ಸಿನಲ್ಲಿ ಬಲಿತ, ಗೌರವಸ್ಥರೆನಿಸಿದ ಗಂಡಸರಿಗೆ ಮಾತ್ರ ಬಾಗಿಲು ತೆರೆಯುತ್ತಿತ್ತು. ಹೆಂಗಸರಿಗೂ ಮಕ್ಕಳಿಗೂ ಬಡವರಿಗೂ ಪ್ರವೇಶವಿರಲಿಲ್ಲ. ಆ ಕೋಣೆ ಎಲ್ಲರಿಗೂ ತೆರೆದುಕೊಂಡದ್ದು 2000ದಲ್ಲಿ. ಬೀಗದ ಕೈ ಗಂಡಸಿನ ಜೇಬಿನಲ್ಲಿರಲಿ, ಉಳಿದವರು ಕೆಟ್ಟುಹೋಗದಂತೆ ಅವನೇ ಕಾಯಲಿ ಎಂಬ ತರ್ಕ ಅಂದಿನದು. ಅಂದು ರಾತ್ರಿ ನಮ್ಮ ಜಮಾಅತ್ ಕಚೇರಿಯಲ್ಲಿದ್ದದ್ದೂ ಇದೇ ತರ್ಕ.

ಈ ತರ್ಕ ಕಾನೂನಾದದ್ದು ಇಂಗ್ಲೆಂಡಿನಲ್ಲಿ. ಕ್ಯಾಥೊಲಿಕ್ ಪಾದ್ರಿಗಳನ್ನು ನಿಂದಿಸಿ ಪ್ರಾಟೆಸ್ಟಂಟರು ಹಂಚುತ್ತಿದ್ದ ಕಿರುಹೊತ್ತಗೆಯೊಂದರ ಮೇಲೆ ನಡೆದ ಹಿಕ್ಲಿನ್ ಪ್ರಕರಣದಲ್ಲಿ 1868ರಲ್ಲಿ ಮುಖ್ಯ ನ್ಯಾಯಮೂರ್ತಿ ಕಾಕ್‌ಬರ್ನ್ ಒಂದು ಅಳತೆಗೋಲು ಕೊಟ್ಟರು. ಕೆಟ್ಟ ಪ್ರಭಾವಕ್ಕೆ ಸುಲಭವಾಗಿ ಒಳಗಾಗುವವರ ಕೈಗೆ ಬಿದ್ದರೆ ಅವರ ಮನಸ್ಸನ್ನು ಕೆಡಿಸುವಂಥದ್ದು ಅಶ್ಲೀಲ ಎಂಬುದು ಅದರ ಸಾರ. ನಮ್ಮ ದಂಡಸಂಹಿತೆಯ 292ನೇ ಕಲಮು 1860ರಲ್ಲೇ ಇತ್ತು. ಅಶ್ಲೀಲ ಪ್ರಕಟಣೆಗಳ ವ್ಯಾಪಾರ ತಡೆಯಲು 1923ರಲ್ಲಿ ಜಿನೀವಾದಲ್ಲಿ ಒಪ್ಪಂದವಾದ ಬಳಿಕ 1925ರಲ್ಲಿ ಅದನ್ನು ತಿದ್ದಿದರು. ಆದರೆ ಅಳೆಯುವ ಕೋಲು ಹಿಕ್ಲಿನ್‌ನದೇ ಆಗಿ ಉಳಿಯಿತು. ಈ ಕಾನೂನಿಗೆ ಕಂಡದ್ದು ಮೂವರು: ಬರೆದವನು, ಮಾರಿದವನು, ಓದಿ ಕೆಡುವವನು.

ಆದರೆ ಅಷ್ಟರಲ್ಲೇ ಇನ್ನೊಂದು ಬದಲಾವಣೆ ಆಗಿಹೋಗಿತ್ತು. 1839ರಲ್ಲಿ ಛಾಯಾಚಿತ್ರದ ವಿಧಾನ ಲೋಕಕ್ಕೆ ತಿಳಿಯಿತು. ಕಥೆಗಾರನೊಬ್ಬ ಹೆಣ್ಣಿನ ಬಗ್ಗೆ ಏನೇ ಬರೆಯಲಿ, ಬರೆಯುವಾಗ ಅವನ ಎದುರು ಇರುವುದು ಕಾಗದ. ಛಾಯಾಚಿತ್ರಕ್ಕೆ ಉಸಿರಾಡುವ ಒಬ್ಬ ಮನುಷ್ಯಳು ಕ್ಯಾಮೆರಾದ ಎದುರು ನಿಲ್ಲಲೇಬೇಕು. ಆಕೆ ಒಪ್ಪಿ ನಿಂತಳೇ, ಹಸಿವಿಗೆ ನಿಂತಳೇ, ಹೊಡೆದು ನಿಲ್ಲಿಸಿದರೇ ಎಂಬ ಪ್ರಶ್ನೆ ಬರಹಕ್ಕಿಲ್ಲ, ಚಿತ್ರಕ್ಕಿದೆ. 1874ರಲ್ಲಿ ಲಂಡನ್ ಪೊಲೀಸರು ಹೆನ್ರಿ ಹೇಲರ್ ಎಂಬ ಛಾಯಾಗ್ರಾಹಕನ ಮನೆಗಳ ಮೇಲೆ ದಾಳಿ ಮಾಡಿ ಒಂದು ಲಕ್ಷ ಮೂವತ್ತು ಸಾವಿರಕ್ಕೂ ಹೆಚ್ಚು ಅಶ್ಲೀಲ ಚಿತ್ರಗಳನ್ನು ವಶಪಡಿಸಿಕೊಂಡರು. ಪತ್ರಿಕೆಗಳಿಗೆ ಸುದ್ದಿಯಾದದ್ದು ಆ ಸಂಖ್ಯೆ. ಕ್ಯಾಮೆರಾದ ಎದುರು ನಿಂತವರನ್ನು ಲೆಕ್ಕಕ್ಕೆ ತೆಗೆದುಕೊಳ್ಳಲು ಹಿಕ್ಲಿನ್ ಅಳತೆಗೋಲಿನಲ್ಲಿ ಜಾಗವೇ ಇರಲಿಲ್ಲ.

ಲಾಹೋರಿನ ಕಟಕಟೆ

ನಾವು ಉರ್ದು ಶಾಲೆಯಲ್ಲಿ ಓದುತ್ತಿದ್ದಾಗ ಮಂಟೊ ಮತ್ತು ಇಸ್ಮತ್ ಚುಗ್ತಾಯಿ ಅವರ ಪುಸ್ತಕಗಳನ್ನು ದೊಡ್ಡವರು ಕಪಾಟಿನ ಹಿಂದಿನ ಸಾಲಿನಲ್ಲಿಡುತ್ತಿದ್ದರು. ಅದೇ ಊರಿನ ಬಸ್ ಸ್ಟ್ಯಾಂಡಿನ ಅಂಗಡಿಯಲ್ಲಿ ಪಿನ್ ಹೊಡೆದ ಪೋಲಿ ಪುಸ್ತಕಗಳು ದಾರಕ್ಕೆ ಜೋತು ಬಿದ್ದಿರುತ್ತಿದ್ದವು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿದ್ದು ನಮ್ಮ ಹಿರಿಯರಷ್ಟೇ ಅಲ್ಲ, ನ್ಯಾಯಾಲಯಗಳೂ ಹಾಗೆಯೇ ಮಾಡಿದವು.

ಇಸ್ಮತ್ ಅವರ 'ಲಿಹಾಫ್' ಕಥೆ 1942ರಲ್ಲಿ ಲಾಹೋರಿನ 'ಅದಬೆ ಲತೀಫ್' ಪತ್ರಿಕೆಯಲ್ಲಿ ಬಂತು. ನವಾಬನೊಬ್ಬ ಮದುವೆಯಾಗಿ ಮನೆಯ ಸಾಮಾನಿನಂತೆ ಮೂಲೆಗಿಟ್ಟ ಬೇಗಂ ಒಬ್ಬಳ ಒಂಟಿತನದ ಕಥೆ ಅದು. 1944ರ ಕೊನೆಯಲ್ಲಿ ಬೊಂಬಾಯಿಯಲ್ಲಿದ್ದ ಇಸ್ಮತ್ ಅವರಿಗೆ ಲಾಹೋರಿನ ನ್ಯಾಯಾಲಯದಿಂದ ಸಮನ್ಸ್ ಬಂತು. 'ಬೂ' ಕಥೆಗಾಗಿ ಮಂಟೊ ಅವರಿಗೂ ಬಂತು. ಇಬ್ಬರೂ ಲಾಹೋರಿಗೆ ಹೋಗಿ ಕಟಕಟೆಯಲ್ಲಿ ನಿಂತರು. 'ಲಿಹಾಫ್'ನಲ್ಲಿ ಒಂದೇ ಒಂದು ಅಶ್ಲೀಲ ಪದವನ್ನೂ ಸಾಕ್ಷಿಗಳಿಂದ ಎತ್ತಿ ತೋರಿಸಲಾಗಲಿಲ್ಲ. ಕೊನೆಗೆ ಇಸ್ಮತ್ ಗೆದ್ದರು. ಆದರೆ ಜೀವನದುದ್ದಕ್ಕೂ ಎಷ್ಟು ಬರೆದರೂ ಜನ ತಮ್ಮನ್ನು ಆ ಒಂದು ಕಥೆಯಿಂದಲೇ ಗುರುತಿಸುತ್ತಾರೆ ಎಂಬ ಕಹಿ ಅವರಿಗೆ ಉಳಿಯಿತು.

ಮಂಟೊ ಅವರ ಮೇಲೆ ದೇಶ ವಿಭಜನೆಗೆ ಮೊದಲು ಮೂರು, ಪಾಕಿಸ್ತಾನಕ್ಕೆ ಹೋದ ಮೇಲೆ ಮೂರು ಮೊಕದ್ದಮೆಗಳು ನಡೆದವು. 'ಖೋಲ್ ದೋ' ಕಥೆಯಲ್ಲಿ ಗಲಭೆಯಲ್ಲಿ ಕಳೆದುಹೋದ ಮಗಳು ಸಕೀನಾಳನ್ನು ಮುದುಕ ತಂದೆ ಹುಡುಕುತ್ತಾನೆ. ಆಕೆಯನ್ನು ಕಾಪಾಡಲು ಹೊರಟ ನಮ್ಮವರೇ ಆಕೆಯನ್ನು ನಾಶ ಮಾಡಿರುತ್ತಾರೆ. ಹೆಣ್ಣಿನ ಮೈಮೇಲೆ ನಡೆದದ್ದು ಏನೆಂಬುದನ್ನು ಇಷ್ಟು ನೋವಿನಿಂದ ಹೇಳಿದ ಇನ್ನೊಂದು ಕಥೆ ನಮಗೆ ಗೊತ್ತಿಲ್ಲ. ಅದನ್ನು ಪ್ರಕಟಿಸಿದ ಪತ್ರಿಕೆಯನ್ನು ಸರಕಾರ ಆರು ತಿಂಗಳು ನಿಲ್ಲಿಸಿತು. 'ಠಂಡಾ ಗೋಶ್ತ್' ಕಥೆಗಾಗಿ 1950ರಲ್ಲಿ ಕೆಳ ನ್ಯಾಯಾಲಯ ಮಂಟೊ ಅವರಿಗೆ ಮೂರು ತಿಂಗಳ ಸಜೆ ಮತ್ತು 300 ರೂಪಾಯಿ ದಂಡ ವಿಧಿಸಿತು. ಸೆಷನ್ಸ್ ನ್ಯಾಯಾಲಯ ಬಿಡುಗಡೆ ಮಾಡಿತು. 1952ರಲ್ಲಿ ಹೈಕೋರ್ಟು ಮತ್ತೆ ತಪ್ಪಿತಸ್ಥನೆಂದು ದಂಡ ಹಾಕಿತು.

ವಿಭಜನೆಯ ದಿನಗಳಲ್ಲಿ ಎರಡೂ ಕಡೆ ಸೇರಿ ಸುಮಾರು 75,000 ಹೆಣ್ಣುಗಳು ಅಪಹರಣಕ್ಕೊಳಗಾದರೆಂಬ ಅಂದಾಜಿದೆ. ಅವರನ್ನು ಹೊತ್ತೊಯ್ದವರಲ್ಲಿ ಎಷ್ಟು ಜನ ಕಟಕಟೆ ಹತ್ತಿದರು? ಆ ಹೆಣ್ಣುಗಳ ಪರವಾಗಿ ಬರೆದ ಕಥೆಗಾರನಂತೂ ಹತ್ತಿದ. ಹೆಣ್ಣಿನ ಮೇಲೆ ನಡೆದ ಕ್ರೌರ್ಯವನ್ನು ಹೇಳುವುದಕ್ಕೂ ಹೆಣ್ಣಿನ ಮೈಯನ್ನು ಮಾರುವುದಕ್ಕೂ ಇರುವ ವ್ಯತ್ಯಾಸ ಹಿಕ್ಲಿನ್ ಅಳತೆಗೋಲಿಗೆ ತಿಳಿಯದೆ ಹೋದದ್ದರ ಫಲ ಇದು.

ಸ್ವತಂತ್ರ ಭಾರತದಲ್ಲೂ ಕೋಲು ಬೇಗ ಬದಲಾಗಲಿಲ್ಲ. ಇಂಗ್ಲೆಂಡಿನಲ್ಲಿ 1960ರಲ್ಲಿ ಖುಲಾಸೆಯಾದ ಡಿ.ಎಚ್. ಲಾರೆನ್ಸ್ ಅವರ 'ಲೇಡಿ ಚಾಟರ್ಲೀಸ್ ಲವರ್' ಕಾದಂಬರಿಯನ್ನು ಮಾರಿದ್ದಕ್ಕಾಗಿ ಬೊಂಬಾಯಿಯ ಪುಸ್ತಕ ವ್ಯಾಪಾರಿ ರಂಜಿತ್ ಉದೇಶಿ ಅವರಿಗೆ ಆದ ಶಿಕ್ಷೆಯನ್ನು ನಮ್ಮ ಸುಪ್ರೀಂ ಕೋರ್ಟು 1964ರಲ್ಲಿ ಎತ್ತಿಹಿಡಿಯಿತು. ತೀರ್ಪು ಬರೆದವರು ಮುಂದೆ ದೇಶದ ಮುಖ್ಯ ನ್ಯಾಯಮೂರ್ತಿಯಾದ ಹಿದಾಯತುಲ್ಲಾ ಅವರು. 1969ರಲ್ಲಿ ಸಂಸತ್ತು ಕಾನೂನನ್ನು ತಿದ್ದಿ ಸಾಹಿತ್ಯ, ಕಲೆ, ವಿಜ್ಞಾನಗಳಿಗೆ ವಿನಾಯಿತಿ ಕೊಟ್ಟಿತು. ಹಿಕ್ಲಿನ್ ಪರೀಕ್ಷೆಯನ್ನು ಸುಪ್ರೀಂ ಕೋರ್ಟು ಸ್ಪಷ್ಟವಾಗಿ ಕೈಬಿಟ್ಟದ್ದು 2014ರ ಅವೀಕ್ ಸರ್ಕಾರ್ ಪ್ರಕರಣದಲ್ಲಿ. ಲಂಡನ್ನಿನಲ್ಲಿ 1868ರಲ್ಲಿ ಮಾಡಿದ ಕೋಲು 146 ವರ್ಷ ಬಾಳಿತು.

ಪ್ರಶ್ನೆ ಬದಲಾದದ್ದು

ಚಿತ್ರದಲ್ಲಿದ್ದವಳೇ ಬಾಯಿ ತೆರೆದ ಮೇಲೆ ಲೋಕದ ಪ್ರಶ್ನೆ ಬದಲಾಗತೊಡಗಿತು. 1972ರಲ್ಲಿ ಅಮೆರಿಕದಲ್ಲಿ ಬಿಡುಗಡೆಯಾದ 'ಡೀಪ್ ಥ್ರೋಟ್' ಎಂಬ ಅಶ್ಲೀಲ ಚಿತ್ರ ಸಾಮಾನ್ಯ ಚಿತ್ರಮಂದಿರಗಳಲ್ಲಿ ಓಡಿ ಅಪಾರ ಹಣ ಗಳಿಸಿತು. ಅದರ ಮೇಲೆ ನ್ಯೂಯಾರ್ಕಿನಲ್ಲಿ ಮೊಕದ್ದಮೆ ನಡೆಯಿತು. ಚಿತ್ರ ಅಶ್ಲೀಲವೋ ಅಲ್ಲವೋ ಎಂದು ದೊಡ್ಡ ದೊಡ್ಡ ಪಂಡಿತರು ವಾದಿಸಿದರು. 1973ರಲ್ಲಿ ನ್ಯಾಯಾಧೀಶರು ಅಶ್ಲೀಲವೆಂದೇ ತೀರ್ಪು ಕೊಟ್ಟರು. ನಟಿ ಒಪ್ಪಿ ನಟಿಸಿದಳೇ ಎಂಬುದು ಆ ಚರ್ಚೆಯ ವಿಷಯವಾಗಲಿಲ್ಲ. ಪತ್ರಕರ್ತರ ಮುಂದೆ ಆಕೆಯೂ ನಗುತ್ತಲೇ ಇದ್ದಳು.

ಲಿಂಡಾ ಬೋರ್ಮನ್ ಎಂಬ ಆ ಹೆಣ್ಣುಮಗಳು 1980ರಲ್ಲಿ ಆತ್ಮಕಥೆ ಬರೆದಳು. ಗಂಡ ಹೊಡೆದು, ಬಂದೂಕು ತೋರಿಸಿ ತನ್ನಿಂದ ಅದನ್ನೆಲ್ಲ ಮಾಡಿಸಿದ ಎಂದಳು. ಆ ಚಿತ್ರದಲ್ಲೇ ತನ್ನ ಮೈಮೇಲಿನ ಬಾಸುಂಡೆಗಳು ಕಾಣುತ್ತವೆ ಎಂದಳು. ಆಕೆಗೆಂದು ಕೊಟ್ಟ 1,250 ಡಾಲರು ಗಂಡನ ಕೈ ಸೇರಿತ್ತು. ಆಕೆಯ ಮಾತನ್ನು ಅಲ್ಲಗಳೆದವರೂ ಇದ್ದರು. ಆದರೆ ಆ ಚಿತ್ರವನ್ನು ನೋಡುವ ಪ್ರತಿಯೊಬ್ಬನೂ ತನ್ನ ಮೇಲಿನ ಅತ್ಯಾಚಾರವನ್ನೇ ನೋಡುತ್ತಿದ್ದಾನೆ ಎಂಬ ಅರ್ಥದಲ್ಲಿ ಆಕೆ ಸಾರ್ವಜನಿಕ ವಿಚಾರಣೆಗಳಲ್ಲಿ ಹೇಳಿದ ಮಾತನ್ನು ಯಾರೂ ಮರೆಯಲಾರರು.

1983ರಲ್ಲಿ ಮಿನಿಯಾಪೊಲಿಸ್ ನಗರದಲ್ಲಿ ಆಂಡ್ರಿಯಾ ಡ್ವರ್ಕಿನ್ ಮತ್ತು ಕ್ಯಾಥರೀನ್ ಮೆಕಿನನ್ ಎಂಬ ಮಹಿಳಾ ಚಿಂತಕಿಯರು ಹೊಸ ಕಾನೂನಿನ ಕರಡು ತಂದರು. ಅಶ್ಲೀಲ ಚಿತ್ರವನ್ನು ನೀತಿಯ ಪ್ರಶ್ನೆಯಾಗಿ ನೋಡುವ ಬದಲು ಹೆಣ್ಣಿನ ನಾಗರಿಕ ಹಕ್ಕಿನ ಉಲ್ಲಂಘನೆಯಾಗಿ ನೋಡಬೇಕೆಂದೂ, ಹಾನಿಗೊಳಗಾದವಳು ನೇರವಾಗಿ ದಾವೆ ಹೂಡುವಂತಾಗಬೇಕೆಂದೂ ಅವರು ಬಯಸಿದರು. ಅಲ್ಲಿನ ಮೇಯರ್ ಅದನ್ನು ತಡೆದರು. ಇಂಡಿಯಾನಾಪೊಲಿಸ್‌ನಲ್ಲಿ ಜಾರಿಯಾದ ಅಂಥದೇ ಕಾನೂನನ್ನು ಮಾತಿನ ಸ್ವಾತಂತ್ರ್ಯದ ಹೆಸರಿನಲ್ಲಿ ನ್ಯಾಯಾಲಯ ರದ್ದುಮಾಡಿತು. ಆದರೂ ಪ್ರಶ್ನೆ ಹುಟ್ಟಿಕೊಂಡಿತ್ತು. 1992ರಲ್ಲಿ ಕೆನಡಾದ ಸುಪ್ರೀಂ ಕೋರ್ಟು ಬಟ್ಲರ್ ಪ್ರಕರಣದಲ್ಲಿ ಅಶ್ಲೀಲವನ್ನು ಅಳೆಯಬೇಕಾದದ್ದು ಅದು ಮಾಡುವ ಹಾನಿಯಿಂದ ಎಂದಿತು.

ನೋಡುವವನ ಮನೆಯಲ್ಲಿ

ನೋಡುವವನಿಗೆ ಹಾನಿಯಿಲ್ಲವೇ? ಇದೆ. ಆದರೆ ಅದನ್ನು ಉತ್ಪ್ರೇಕ್ಷೆಯಿಲ್ಲದೆ ಹೇಳಬೇಕು. ಈ ಚಿತ್ರಗಳು ನೇರವಾಗಿ ಅಪರಾಧಕ್ಕೆ ಕಾರಣವಾಗುತ್ತವೆ ಎನ್ನಲು ಆಧಾರವಿಲ್ಲ ಎಂದು 1970ರಲ್ಲಿ ಅಮೆರಿಕದ ಆಯೋಗವೊಂದು ಹೇಳಿತು. 1986ರ ಇನ್ನೊಂದು ಆಯೋಗ ಇದಕ್ಕೆ ವಿರುದ್ಧವಾದ ತೀರ್ಮಾನಕ್ಕೆ ಬಂತು. ಪಂಡಿತರ ವಾದ ಇನ್ನೂ ಮುಗಿದಿಲ್ಲ. ನೋಡಿದವರೆಲ್ಲ ದುಷ್ಟರಾಗುತ್ತಾರೆ ಎಂದು ನಾವು ಹೇಳುವುದಿಲ್ಲ. ಆದರೆ 2022ರಿಂದ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಲ್ಲಿ, ಕಾಮದ ತುಡಿತವನ್ನು ಹತೋಟಿಯಲ್ಲಿಡಲಾಗದೆ ಓದು, ಕೆಲಸ, ಸಂಸಾರ ಕೆಡಿಸಿಕೊಳ್ಳುವ ಸ್ಥಿತಿಗೆ ಒಂದು ಹೆಸರಿದೆ. ಈ ಚಿತ್ರಗಳಿಂದ ಬಿಡಿಸಿಕೊಳ್ಳಲಾಗದೆ ಒದ್ದಾಡುವವರನ್ನು ಗುರುತಿಸಲು ವೈದ್ಯರಿಗೆ ಅದು ನೆರವಾಗುತ್ತದೆ. ಅಂಥವನಿಗೆ ಬೈಗುಳಕ್ಕಿಂತ ಚಿಕಿತ್ಸೆ ಬೇಕು.

ಮಕ್ಕಳ ವಿಷಯದಲ್ಲಿ ಸಂಶಯಕ್ಕೆ ಎಡೆ ಕಡಿಮೆ. ಇಂಗ್ಲೆಂಡಿನ ಮಕ್ಕಳ ಆಯುಕ್ತರು 2023ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಅಲ್ಲಿನ ಮಕ್ಕಳು ಇಂಥ ಚಿತ್ರವನ್ನು ಮೊದಲು ನೋಡುವ ಸರಾಸರಿ ವಯಸ್ಸು 13. ನೂರಕ್ಕೆ 10 ಮಂದಿ 9ನೇ ವಯಸ್ಸಿಗೇ ನೋಡಿದ್ದರು. ನೂರಕ್ಕೆ 79 ಮಂದಿ 18 ತುಂಬುವ ಮೊದಲೇ ಹಿಂಸೆಯಿಂದ ಕೂಡಿದ ಚಿತ್ರಗಳನ್ನು ಕಂಡಿದ್ದರು. ದಾಂಪತ್ಯವೆಂದರೆ ಏನೆಂದು ತಿಳಿಯುವ ಮೊದಲೇ ಹೆಣ್ಣನ್ನು ಹೊಡೆಯುವುದು, ಬೈಯುವುದು ಪ್ರೀತಿಯ ಭಾಗವೆಂದು ಈ ಮಕ್ಕಳು ಕಲಿಯುತ್ತಾರೆ. ಕಲಿತದ್ದನ್ನು ಮುಂದೆ ಹೆಂಡತಿಯ ಮೇಲೆ ಹೇರುತ್ತಾರೆ. ತಂದೆತಾಯಿಯಾದ ನಾವು ಈ ವಿಷಯದಲ್ಲಿ ಬಾಯಿ ಹೊಲಿದುಕೊಂಡು ಕುಳಿತರೆ ಪಾಠ ಹೇಳುವ ಕೆಲಸವನ್ನು ಆ ವ್ಯಾಪಾರಿಗಳೇ ಮಾಡುತ್ತಾರೆ.

ಮೆಮೊರಿ ಕಾರ್ಡಿನಿಂದ ಪೆನ್‌ಡ್ರೈವ್‌ವರೆಗೆ

ನಮ್ಮ ನಾಡಿನಲ್ಲಿ ಈ ವ್ಯಾಪಾರ ಬೆಳೆದ ಬಗೆಯನ್ನು ನಮ್ಮ ತಲೆಮಾರು ಕಣ್ಣಾರೆ ಕಂಡಿದೆ. ಮೊದಲು ವಿಸಿಆರ್ ಬಾಡಿಗೆಗೆ ತಂದು ನೋಡುವ ಬ್ಲೂ ಫಿಲಂ ಬಂತು. ಆಮೇಲೆ ಸೈಬರ್ ಕೆಫೆಯ ಪ್ಲೈವುಡ್ ಗೂಡುಗಳು ಬಂದವು. ಆಮೇಲೆ ಮೊಬೈಲ್ ಅಂಗಡಿಯಲ್ಲಿ ಹತ್ತಿಪ್ಪತ್ತು ರೂಪಾಯಿಗೆ ಮೆಮೊರಿ ಕಾರ್ಡ್ ತುಂಬಿಸಿಕೊಡುವ ಹುಡುಗರು ಬಂದರು. 2016ರ ನಂತರ ಡೇಟಾ ಅಗ್ಗವಾದಾಗ ಅಂಗಡಿಗೆ ಹೋಗುವ ಅಗತ್ಯವೂ ಉಳಿಯಲಿಲ್ಲ. ಸರಕಾರ 2015ರಲ್ಲಿ 857 ತಾಣಗಳನ್ನು ನಿರ್ಬಂಧಿಸಿ ಕೆಲವೇ ದಿನಗಳಲ್ಲಿ ಆದೇಶ ಸಡಿಲಿಸಿತು. 2018ರಲ್ಲಿ ಉತ್ತರಾಖಂಡ ಹೈಕೋರ್ಟಿನ ಆದೇಶದ ಮೇಲೆ 827 ತಾಣಗಳನ್ನು ಮುಚ್ಚಿಸಿತು. ಒಂದು ಬಾಗಿಲು ಮುಚ್ಚಿದರೆ ಹತ್ತು ತೆರೆದವು.

ಇದಕ್ಕಿಂತ ದೊಡ್ಡ ಬದಲಾವಣೆ ಎಂದರೆ, ನೋಡುವವನ ಕೈಯಲ್ಲೇ ಕ್ಯಾಮೆರಾ ಬಂತು. 2004ರಲ್ಲಿ ದೆಹಲಿಯ ಇಬ್ಬರು ಶಾಲಾ ಮಕ್ಕಳ ಖಾಸಗಿ ಮೊಬೈಲ್ ದೃಶ್ಯವೊಂದು ಊರೂರಿಗೆ ಹರಡಿ, ಅಂತರ್ಜಾಲದ ಹರಾಜು ತಾಣವೊಂದರಲ್ಲಿ ಮಾರಾಟಕ್ಕೂ ಬಂತು. ತಾಣದ ಮುಖ್ಯಸ್ಥರನ್ನು ಬಂಧಿಸಿದರು. ದೇಶವೆಲ್ಲ ಚರ್ಚಿಸಿದ್ದು ಶಾಲೆಗೆ ಮೊಬೈಲ್ ತರಬಹುದೇ ಎಂಬುದನ್ನು. ಆ ಮಗುವಿನ ಮುಂದಿನ ಬದುಕು ಏನಾಗಬೇಕು ಎಂಬ ಚರ್ಚೆ ಕೇಳಿಸಿದ್ದು ಕಡಿಮೆ.

2012ರ ಫೆಬ್ರವರಿಯಲ್ಲಿ ನಮ್ಮ ವಿಧಾನಸಭೆಯ ಅಧಿವೇಶನ ನಡೆಯುತ್ತಿರುವಾಗಲೇ ಸಚಿವರು ಮೊಬೈಲಿನಲ್ಲಿ ಅಶ್ಲೀಲ ದೃಶ್ಯ ನೋಡುತ್ತಿದ್ದುದು ಟಿವಿ ಕ್ಯಾಮೆರಾದಲ್ಲಿ ಸೆರೆಯಾಯಿತು. ಮೂವರು ರಾಜೀನಾಮೆ ಕೊಟ್ಟರು. ಅವರಲ್ಲೊಬ್ಬರು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವರು. ಅದು ವಿದೇಶದಲ್ಲಿ ಹೆಣ್ಣೊಬ್ಬಳ ಮೇಲೆ ನಡೆದ ದೌರ್ಜನ್ಯದ ದೃಶ್ಯ, ರೇವ್ ಪಾರ್ಟಿಗಳ ಕೆಡುಕು ತಿಳಿಯಲು ನೋಡಿದ್ದು ಎಂಬ ಸಮಜಾಯಿಷಿಯೂ ಬಂತು. ಸದನದ ಗೌರವ ಹೋಯಿತೆಂದು ಎಲ್ಲರೂ ಮರುಗಿದರು. ಹೋದದ್ದು ನಿಜವೇ. ಆದರೆ ಆ ಸಮಜಾಯಿಷಿ ಸತ್ಯವೇ ಆಗಿದ್ದರೆ, ಆ ಪರದೆಯ ಮೇಲೆ ನರಳುತ್ತಿದ್ದವಳು ಯಾರು? ನಮ್ಮಲ್ಲಿ ಯಾರೂ ಕೇಳಲಿಲ್ಲ.

2024ರ ಏಪ್ರಿಲ್‌ನಲ್ಲಿ, ಲೋಕಸಭಾ ಚುನಾವಣೆಯ ಹೊತ್ತಿನಲ್ಲಿ, ಹಾಸನದಲ್ಲಿ ಪೆನ್‌ಡ್ರೈವ್‌ಗಳು ಬೀದಿಗೆ ಬಿದ್ದವು. ಅಂದಿನ ಸಂಸದರೊಬ್ಬರದೆನ್ನಲಾದ ದೌರ್ಜನ್ಯದ ದೃಶ್ಯಗಳಲ್ಲಿ ಹೆಣ್ಣುಮಕ್ಕಳ ಮುಖಗಳನ್ನು ಮರೆಮಾಡಿರಲಿಲ್ಲ. ಒಮ್ಮೆ ದೌರ್ಜನ್ಯಕ್ಕೊಳಗಾದವರು ಎರಡನೆಯ ಸಲ ಊರಿನ ಕಣ್ಣುಗಳಿಗೆ ಬಲಿಯಾದರು. ಮನೆಗೆ ಬೀಗ ಹಾಕಿ ಊರು ಬಿಟ್ಟವರ ಸುದ್ದಿ ಬಂತು. ಹಂಚಿಕೊಳ್ಳುವುದೂ ಅಪರಾಧವೆಂದು ವಿಶೇಷ ತನಿಖಾ ತಂಡ ಎಚ್ಚರಿಸಬೇಕಾಯಿತು. ರಾಜಕೀಯದ ದ್ವೇಷಕ್ಕೆ ಹಂಚಿದವರಿದ್ದರು, ಚಪಲಕ್ಕೆ ನೋಡಿದವರಿದ್ದರು. ಇದರ ನಡುವೆ ಮನೆಗೆಲಸದ ಹೆಣ್ಣುಮಗಳೊಬ್ಬಳು ನ್ಯಾಯಾಲಯದಲ್ಲಿ ಗಟ್ಟಿಯಾಗಿ ನಿಂತು ಸಾಕ್ಷಿ ಹೇಳಿದಳು. 2025ರ ಆಗಸ್ಟ್‌ನಲ್ಲಿ ಬೆಂಗಳೂರಿನ ವಿಶೇಷ ನ್ಯಾಯಾಲಯ ಆ ಪ್ರಕರಣದಲ್ಲಿ ಅಪರಾಧಿಗೆ ಜೀವಾವಧಿ ಶಿಕ್ಷೆ ವಿಧಿಸಿತು.

ಇನ್ನು ಕ್ಯಾಮೆರಾದ ಎದುರು ಹೆಣ್ಣು ನಿಲ್ಲುವ ಅಗತ್ಯವೂ ಉಳಿದಿಲ್ಲ. 2018ರಲ್ಲಿ ಪತ್ರಕರ್ತೆ ರಾಣಾ ಅಯ್ಯೂಬ್ ಅವರ ಮುಖವನ್ನು ಅಶ್ಲೀಲ ವಿಡಿಯೋಗೆ ಅಂಟಿಸಿ ದೇಶಾದ್ಯಂತ ಹರಿಬಿಟ್ಟರು. ಬರೆಯುವ ಹೆಣ್ಣಿನ ಬಾಯಿ ಮುಚ್ಚಿಸಲು ಮಾಡಿದ ಉಪಾಯ ಅದು. 2021ರ ಜುಲೈಯಲ್ಲಿ ಮತ್ತು 2022ರ ಜನವರಿಯಲ್ಲಿ ಮುಸ್ಲಿಂ ಹೆಣ್ಣುಮಕ್ಕಳ ಫೋಟೊಗಳನ್ನು ಆ್ಯಪ್‌ಗಳಲ್ಲಿ ಹಾಕಿ 'ಹರಾಜು' ಕೂಗಿದರು. ಎರಡನೆಯ ಪ್ರಕರಣದಲ್ಲಿ ಮೊದಲು ಸಿಕ್ಕಿಬಿದ್ದವನು ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದ 21ರ ಹುಡುಗ. ಆ ಚಿತ್ರಗಳಲ್ಲಿ ಹಲವರು ಹಿಜಾಬ್ ಧರಿಸಿದ್ದವರು. ಮೈತುಂಬ ಬಟ್ಟೆ ತೊಟ್ಟರೆ ಸಾಕು, ಮೊಬೈಲ್ ಕಸಿದುಕೊಂಡರೆ ಸಾಕು, ಮಗಳು ಸುರಕ್ಷಿತ ಎಂದು ನಂಬಿದ್ದ ನಮ್ಮಂಥವರಿಗೆ ಇದು ದೊಡ್ಡ ಪಾಠ. ಕೆಡುಕಿನ ಬೇರು ಆಕೆಯ ಬಟ್ಟೆಯಲ್ಲಿ ಇರಲಿಲ್ಲ, ನೋಡುವವನ ಕಣ್ಣಿನಲ್ಲಿತ್ತು.

ಕಾನೂನು ಕಲಿಯುತ್ತಿದೆ, ನಾವು?

ಕಾನೂನು ನಿಧಾನವಾಗಿಯಾದರೂ ತನ್ನ ಪ್ರಶ್ನೆಯನ್ನು ತಿದ್ದಿಕೊಳ್ಳುತ್ತಿದೆ. 2009ರಲ್ಲಿ ಜಾರಿಗೆ ಬಂದ ಐಟಿ ಕಾಯ್ದೆಯ ತಿದ್ದುಪಡಿ, ಒಪ್ಪಿಗೆಯಿಲ್ಲದೆ ಒಬ್ಬರ ಖಾಸಗಿ ಅಂಗಗಳ ಚಿತ್ರ ತೆಗೆಯುವುದನ್ನೂ ಹಂಚುವುದನ್ನೂ ಅಪರಾಧವೆಂದಿತು. 2013ರಲ್ಲಿ ದಂಡಸಂಹಿತೆಗೆ ಸೇರಿದ ಕಲಮು ಒಂದು ಮುಖ್ಯ ಮಾತು ಹೇಳಿತು: ಹೆಣ್ಣು ಚಿತ್ರ ತೆಗೆಯಲು ಒಪ್ಪಿದ್ದರೂ ಹಂಚಲು ಒಪ್ಪಿರದಿದ್ದರೆ ಹಂಚಿದವನು ಅಪರಾಧಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಮಿನಲ್ಲೂ ಈ ಮಾತು ಉಳಿದಿದೆ. 2018ರಲ್ಲಿ ಪಶ್ಚಿಮ ಬಂಗಾಳದ ತಮ್ಲುಕ್ ನ್ಯಾಯಾಲಯ, ಗೆಳತಿಯ ಖಾಸಗಿ ಚಿತ್ರಗಳನ್ನು ಅಂತರ್ಜಾಲಕ್ಕೆ ಹಾಕಿದ ಯುವಕನಿಗೆ ಐದು ವರ್ಷದ ಶಿಕ್ಷೆ ಕೊಟ್ಟಿತು. ಆಕೆಯನ್ನು ಅತ್ಯಾಚಾರಕ್ಕೊಳಗಾದವಳಂತೆಯೇ ಪರಿಗಣಿಸಿ ಪರಿಹಾರ ಕೊಡಬೇಕೆಂದಿತು. 2024ರ ಸೆಪ್ಟೆಂಬರ್‌ನಲ್ಲಿ ನಮ್ಮ ಸುಪ್ರೀಂ ಕೋರ್ಟು 'ಮಕ್ಕಳ ಅಶ್ಲೀಲ ಚಿತ್ರ' ಎಂಬ ಪದವನ್ನೇ ಬಿಡಿ, ಅದು ಮಗುವಿನ ಮೇಲಿನ ಲೈಂಗಿಕ ಶೋಷಣೆ ಮತ್ತು ದೌರ್ಜನ್ಯದ ದಾಖಲೆ, ಹಾಗೆಯೇ ಕರೆಯಿರಿ ಎಂದಿತು. ಮಾತಿನ ದೋಷದಿಂದ ಹೊರಟ ಪದ ಕೊನೆಗೆ ಮನುಷ್ಯರ ಮೇಲಿನ ದೌರ್ಜನ್ಯದವರೆಗೆ ಬಂದು ತಲುಪಿದೆ.

ಅದೇ ವರ್ಷ ಫ್ರಾನ್ಸಿನಲ್ಲಿ ಜಿಸೆಲ್ ಪೆಲಿಕೊ ಎಂಬ ಎಪ್ಪತ್ತರ ಆಸುಪಾಸಿನ ತಾಯಿ, ಗಂಡನೇ ತನಗೆ ಮತ್ತು ಬರಿಸಿ ಪರಪುರುಷರಿಂದ ಅತ್ಯಾಚಾರ ಮಾಡಿಸಿ ಚಿತ್ರೀಕರಿಸಿದ್ದ ಪ್ರಕರಣದ ವಿಚಾರಣೆ ಬಾಗಿಲು ಮುಚ್ಚಿ ನಡೆಯುವುದು ಬೇಡ ಎಂದರು. ನಾಚಿಕೆ ಪಡಬೇಕಾದವಳು ತಾನಲ್ಲ ಎಂಬುದು ಅವರ ನಿಲುವು. 51 ಮಂದಿಗೆ ಶಿಕ್ಷೆಯಾಯಿತು.

ಕಾನೂನು ಕಲಿತದ್ದನ್ನು ನಮ್ಮ ಮನೆ, ಮೊಹಲ್ಲಾ, ಜಮಾಅತ್, ಪಂಚಾಯಿತಿಗಳು ಕಲಿತಿವೆಯೇ? ಮೊನ್ನೆ ಮೊನ್ನೆ ಇನ್ನೊಬ್ಬ ತಂದೆ ನಮ್ಮ ಬಳಿ ಬಂದರು. ಅವರ ಮಗಳ ಮುಖವನ್ನು ಯಾವುದೋ ಚಿತ್ರಕ್ಕೆ ಅಂಟಿಸಿ ಯಾರೋ ಗ್ರೂಪಿಗೆ ಹಾಕಿದ್ದರು. ಈ ಸಲ ನಾವು ಕೇಳಿದ್ದು, "ಮಗಳು ಊಟ ಮಾಡಿದಳೇ? ಒಬ್ಬಳನ್ನೇ ಬಿಟ್ಟಿಲ್ಲ ತಾನೆ?" ಎಂದು. ಆಮೇಲೆ, ಕಳಿಸಿದ ನಂಬರ್ ಯಾವುದು, ಸ್ಕ್ರೀನ್‌ಶಾಟ್ ಇದೆಯೇ, ಗ್ರೂಪಿನಲ್ಲಿ ಯಾರಾರು ಇದ್ದಾರೆ ಎಂದು ಕೇಳಿದೆವು. ಮರುದಿನ ಅವರ ಜೊತೆ ಪೊಲೀಸ್ ಠಾಣೆಗೆ ಹೋದೆವು. ಮಗಳೂ ನಮ್ಮ ಜೊತೆ ಬಂದು ತನ್ನ ಹೇಳಿಕೆಯನ್ನು ತಾನೇ ಬರೆದುಕೊಟ್ಟಳು. ಆಕೆಯ ಕಾಲೇಜು ನಿಂತಿಲ್ಲ.

ಮೊದಲಿನ ಹುಡುಗಿಯ ಕ್ಷಮೆ ಕೇಳಲು ಅವಳ ಊರು ನಮಗೆ ಗೊತ್ತಿದೆ. ಇನ್ನೂ ಹೋಗಿಲ್ಲ. ಹೋಗಬೇಕು.